ದುಃಖ ಯಾರೊಡನೆ ಮಾತಾಡುತ್ತದೆ?

ಕೆಲವು ವರ್ಷಗಳ ಹಿಂದೆ ಮುಂಬಯಿಯ ನಮ್ಮ ಉಪನಗರದ ಸಭಾಗೃಹವೊಂದರಲ್ಲಿ ಭಾವಗೀತೆಗಳ ಕಾರ್ಯಕ್ರಮ ನಡೆದಿತ್ತು. ನಿರೂಪಕರು, "ಈಗ ವರಕವಿ ಬೇಂದ್ರೆಯವರ ಮಧುರ ಪ್ರೇಮಗೀತೆಯೊಂದು" ಎಂದು ಸಾರಿ, ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆಯ ಹೆಸರು ಹೇಳಿದರು. ಗಾಯಕರು ಸೊಗಸಾಗಿಯೇ ಹಾಡಿದರು. ತರುಣ ದಂಪತಿಗಳು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಕಡೆಯ ವೃದ್ಧೆಯೊಬ್ಬರು ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದು ಕೂಸು ಕಳಕೊಂಡ ಮನ್ಯಾಗಿನ ಹಾಡೋ ತಮ್ಮಾ. ಇದಕ್ಕ ಚಪ್ಪಾಳಿ ಹ್ಯಾಂಗ ಹೊಡೀತಾರ?" ಎಂದರು.

ಅಜ್ಜಿಯ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕವಿಯ ಬಾಳು ಗೊತ್ತಿಲ್ಲದವನಿಗೆ ಕವಿತೆ ದಕ್ಕುವುದಿಲ್ಲವೇ? ಕವಿತೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಕವಿಯ ಮನೆಯ ವಾರ್ತೆ ನಮಗೇಕೆ ಎಂದು ವಾದಿಸುವ ವಿಮರ್ಶಕರಿದ್ದಾರೆ. ಕವಿ ಅತ್ತಿದ್ದಾನೆಂದು ತಿಳಿದರೆ ಸಾಕು, ಕವಿತೆ ಶ್ರೇಷ್ಠವೆಂದು ತಲೆದೂಗುವ ರಸಿಕರೂ ಇದ್ದಾರೆ. ಇವೆರಡೂ ಅರ್ಧಸತ್ಯಗಳೆಂದು ನನಗೆ ತೋರುತ್ತದೆ. ದುಃಖಪಟ್ಟವರೆಲ್ಲ ಕವಿಗಳಾಗುವುದಿಲ್ಲ, ಆಗುವುದಿದ್ದರೆ ನಮ್ಮ ಪ್ರತಿ ಓಣಿಯಲ್ಲೂ ಹತ್ತು ಮಹಾಕವಿಗಳಿರುತ್ತಿದ್ದರು. ಆದರೆ ಕವಿಯ ಬಾಳು ಒಂದು ವಿಷಯವನ್ನು ನಮಗೆ ತಿಳಿಸಿಕೊಡುತ್ತದೆ. ಅವನ ದುಃಖ ಯಾರ ಮುಂದೆ ನಿಂತು ಮಾತಾಡುತ್ತಿದೆ ಎಂಬುದೇ ಆ ವಿಷಯ.

ಬೇಂದ್ರೆಯವರನ್ನೇ ನೋಡೋಣ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮನೆಮಾತು ಮರಾಠಿ. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದವರು. ಆ ತಾಯಿಯ ಹೆಸರಿನಿಂದಲೇ ‘ಅಂಬಿಕಾತನಯದತ್ತ’ ಎಂದು ಕರೆದುಕೊಂಡರು. ಮುಂದೆ ಗೃಹಸ್ಥರಾದ ಮೇಲೆ ಹಲವು ಮಕ್ಕಳನ್ನು ಮಣ್ಣುಮಾಡುವ ಪ್ರಸಂಗ ಅವರಿಗೆ ಬಂದಿತು. ಇಷ್ಟನ್ನು ತಿಳಿದು ಆ ಕವಿತೆಗೆ ಮರಳಿದರೆ ಅಚ್ಚರಿಯೊಂದು ಕಾಣುತ್ತದೆ. ಅಲ್ಲಿ ಕವಿ ಕೂಸಿನ ಹೆಸರೆತ್ತುವುದಿಲ್ಲ. ಕೂಸಿನ ಚೆಲುವನ್ನು, ಆಟವನ್ನು ನೆನೆನೆನೆದು ಗೋಳಾಡುವುದಿಲ್ಲ. ದೇವರನ್ನು ಕೇಳುವುದಕ್ಕೂ ಹೋಗುವುದಿಲ್ಲ. ಅವರು ಮಾತಾಡುವುದು ಎದುರಿಗೆ ಕುಳಿತ ಹೆಂಡತಿಯೊಡನೆ. ಅವಳ ನೋಟವನ್ನು ಎದುರಿಸಲಾರೆನೆಂದು ಮೊದಲು ಮಾಡಿ, ಕೊನೆಗೆ ಅವಳು ನಗೆಯ ಮರೆಯಲ್ಲಿ ಅಳುವನ್ನು ಅಡಗಿಸದೆ ಮನಸಾರೆ ಅತ್ತುಬಿಡಲಿ ಎಂದು ಬೇಡಿಕೊಳ್ಳುತ್ತಾರೆ.

ಹಾಗಾದರೆ ಆ ನಿರೂಪಕರು ಹೇಳಿದ್ದು ಪೂರ್ತಿ ತಪ್ಪೇ? ಇಲ್ಲವೆಂದೇ ಹೇಳಬೇಕು. ಅದು ಪ್ರೇಮಗೀತೆಯೇ ಹೌದು. ಆದರೆ ಸತ್ತ ಕೂಸಿನ ಎರಡು ಬದಿಗೆ ಕುಳಿತ ಗಂಡಹೆಂಡಿರ ಪ್ರೇಮ ಅದು. ತನ್ನ ದುಃಖಕ್ಕಿಂತ ಅವಳ ದುಃಖ ದೊಡ್ಡದೆಂದು ತಿಳಿದ ಗಂಡಸಿನ ಮಾತು ಅದು. 1937ರ ‘ಸಖೀಗೀತ’ದಲ್ಲಿ ತಮ್ಮ ದಾಂಪತ್ಯದ ಕತೆಯನ್ನೇ ಕಾವ್ಯವಾಗಿಸಿದ ಬೇಂದ್ರೆಯವರಿಗೆ ಹೆಂಡತಿ ಎಂದರೆ ಸಖಿ, ಸುಖದಷ್ಟೇ ದುಃಖದಲ್ಲೂ ಪಾಲುಗಾರಳು. ಬೇಂದ್ರೆಯೇ ಬೇರೆ, ಅಂಬಿಕಾತನಯದತ್ತನೇ ಬೇರೆ ಎಂದು ಅವರು ಹೇಳುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ಮಗುವನ್ನು ಕಳೆದುಕೊಂಡವರು ಬೇಂದ್ರೆ ಮಾಸ್ತರರು. ಆ ದುಃಖದಲ್ಲಿ ತನ್ನ ಪಾಲನ್ನು ಹಿಂದೆ ಸರಿಸಿ ಹೆಂಡತಿಯ ಪಾಲನ್ನು ಮುಂದೆ ಮಾಡಿದವನು ಅಂಬಿಕಾತನಯದತ್ತ.

ಇದಕ್ಕೆ ತೀರ ಬೇರೆಯಾದ ಇನ್ನೊಂದು ದನಿಯನ್ನು ಮಹಾರಾಷ್ಟ್ರದಲ್ಲಿ ನೆಲೆಸಿರುವ ನಾವು ಪ್ರತಿ ಆಷಾಢದಲ್ಲೂ ಕೇಳುತ್ತೇವೆ. ಪುಣೆಯ ಹತ್ತಿರದ ದೇಹೂ ಗ್ರಾಮದ ತುಕಾರಾಮರು ಅಂಗಡಿ, ಲೇವಾದೇವಿಗಳ ಮನೆತನದವರು. 1630ರ ಸುಮಾರಿಗೆ ದಖ್ಖಣವನ್ನು ಹಿಂಡಿದ ಕ್ಷಾಮದಲ್ಲಿ ಅವರ ವ್ಯಾಪಾರ ಮುಳುಗಿತು. ಮೊದಲ ಹೆಂಡತಿ, ಎಳೆಯ ಮಗ ತೀರಿಕೊಂಡರು ಎಂದು ಪರಂಪರೆ ಹೇಳುತ್ತದೆ. ಅವರ ದುಃಖ ಮಾತಾಡಿದ್ದು ವಿಠ್ಠಲನೊಡನೆ. ದಿವಾಳಿಯೂ ಕ್ಷಾಮವೂ ಬಂದದ್ದು ಒಳ್ಳೆಯದೇ ಆಯಿತು, ಅದರಿಂದಲೇ ನಿನ್ನ ಕಡೆಗೆ ತಿರುಗಿದೆ ಎಂಬ ಭಾವ ಒಂದು ಅಭಂಗದಲ್ಲಿದೆ. ಬೇರೆ ಅಭಂಗಗಳಲ್ಲಿ ಅದೇ ದೇವರೊಡನೆ ಜಗಳ, ಮುನಿಸು, ಮೂದಲಿಕೆ ಎಲ್ಲವೂ ಉಂಟು. ಹೆಂಡತಿ ಹಸಿವಿನಿಂದ ಸತ್ತುದನ್ನು ಒಳ್ಳೆಯದಾಯಿತು ಎನ್ನುವ ಮಾತನ್ನು ಸುಖವಾಗಿ ಉಂಡು ಮಲಗಿದವನು ಹೇಳಿದ್ದರೆ ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಕಳೆದುಕೊಂಡವನೇ ಹೇಳುತ್ತಾನೆಂಬ ಕಾರಣಕ್ಕೆ ತಲೆ ತಗ್ಗಿಸಿ ಕೇಳುತ್ತೇವೆ. ಇಲ್ಲಿ ಕವಿಯ ಬಾಳು ಅವನ ಮಾತಿಗೆ ಜಾಮೀನಾಗಿ ನಿಂತಿದೆ.

ಮೂರನೆಯವರು ಡಿ.ವಿ.ಜಿ. 1924ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅವರ ಪತ್ನಿ ತೀರಿಕೊಂಡರು. ಮರುಮದುವೆಯಾಗದೆ ಉಳಿದ ಅವರು ಮುಂದೆ ಸುಮಾರು ಐವತ್ತು ವರ್ಷ ಬಾಳಿದರು. ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಅದರ 945 ಪದ್ಯಗಳಲ್ಲಿ ಸಾವು ಮತ್ತೆ ಮತ್ತೆ ಬಂದರೂ ಸ್ವಂತ ಮನೆಯ ಸಾವಿನ ಕತೆ ಅಲ್ಲಿ ಇಲ್ಲ. ಅಲ್ಲಿ ದುಃಖ ಮಾತಾಡುವುದು ತನ್ನೊಡನೆ ತಾನೇ. ಪ್ರತಿ ಪದ್ಯದ ಕೊನೆಗೂ ಕವಿ ತನ್ನನ್ನೇ ಮಂಕುತಿಮ್ಮನೆಂದು ಕರೆದುಕೊಂಡು ಬುದ್ಧಿ ಹೇಳಿಕೊಳ್ಳುತ್ತಾನೆ. ದೈವದ ವಿಷಯದಲ್ಲೂ ಅವರು ಮೊದಲು ಪ್ರಶ್ನೆ ಕೇಳಿ, ಅನುಮಾನಿಸಿ, ಆಮೇಲೆ ಮೆಲ್ಲನೆ ತಲೆಬಾಗುವವರು. ಕಗ್ಗವನ್ನು ನಾವು ಬೇರೆಯವರಿಗೆ ಉಪದೇಶ ಮಾಡಲು ಬಳಸುತ್ತೇವಲ್ಲ, ಅದು ನಮ್ಮ ದೊಡ್ಡ ತಪ್ಪು. ಸಾವಾದ ಮನೆಗೆ ಹೋಗಿ ಕಗ್ಗದ ಪದ್ಯ ಹೇಳಿ ಸಮಾಧಾನಪಡಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ತನಗೆ ತಾನೇ ಹೇಳಿಕೊಂಡ ಮಾತನ್ನು ಪರರ ಹೆಗಲಿಗೆ ಹೇರಿದರೆ ಅದು ಸಾಂತ್ವನವಾಗದು, ಭಾರವಾದೀತು.

ಹೀಗೆ ಒಬ್ಬರು ಹೆಂಡತಿಯೊಡನೆ, ಒಬ್ಬರು ದೇವರೊಡನೆ, ಒಬ್ಬರು ತನ್ನೊಡನೆ ಮಾತಾಡಿದರು. ಮೂವರಿಗೂ ಬಂದ ಪೆಟ್ಟು ಹೆಚ್ಚುಕಡಿಮೆ ಒಂದೇ. ಮೂವರ ನಂಬಿಕೆ ಮಾತ್ರ ಒಂದೇ ಅಲ್ಲ. ನೋವು ನಂಬಿಕೆಯನ್ನು ಬೆಳೆಸುತ್ತದೆಯೋ ಕೆಡಿಸುತ್ತದೆಯೋ ಎಂಬ ಹಳೆಯ ಚರ್ಚೆಗೆ ಇದರಿಂದ ತೀರ್ಮಾನ ಸಿಗಲಾರದು. ಆದರೆ ನೋವುಂಡವನು ಮಾತಾಡಲು ಯಾರಾದರೊಬ್ಬರನ್ನು ಹುಡುಕಿಕೊಳ್ಳುತ್ತಾನೆ, ಆ ಹುಡುಕಾಟದಲ್ಲೇ ಅವನ ನಂಬಿಕೆಯ ಬಗೆ ಗೊತ್ತಾಗುತ್ತದೆ ಎಂದರೆ ತಪ್ಪಾಗಲಾರದು.

ಊರು ಬಿಟ್ಟು ಬಂದ ನಮಗೆ ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ನನ್ನ ತಂದೆಯವರು ತೀರಿಕೊಂಡಾಗ ನಾನು ಊರು ಮುಟ್ಟಿದ್ದು ಎಲ್ಲ ಮುಗಿದ ಮರುದಿನ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ದಾರ್ಯಾಗ ಏನರ ತಿಂದೀಯೇನಪಾ?" ಎಂದು ಕೇಳಿ ನಗಲು ನೋಡಿದಳು. ನಾನು ತಲೆ ತಗ್ಗಿಸಿ ಒಳಗೆ ಹೋದೆ. ‘ಅತ್ತುಬಿಡವ್ವಾ’ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಲ್ಕು ದಿನದ ರಜೆ ಮುಗಿಸಿ ರೈಲು ಹತ್ತಿದೆ. ಬೇಂದ್ರೆಯವರ ಕವಿತೆಯನ್ನು ಅದಕ್ಕೂ ಮೊದಲು ಎಷ್ಟೋ ಸಲ ಕೇಳಿದ್ದೆನಾದರೂ ಅದು ಏನು ಹೇಳುತ್ತಿದೆಯೆಂದು ತಿಳಿದದ್ದು ಅಂದಿನ ಗಾಡಿಯಲ್ಲಿ. ನಾನು ಹೇಳಲಾರದೆ ಹೋದ ಮಾತನ್ನು ಅವರು ಹೇಳಿದ್ದರು.

ಬೇಂದ್ರೆಯವರು ಕೊನೆಯುಸಿರೆಳೆದದ್ದು 1981ರ ಅಕ್ಟೋಬರ್ 26ರಂದು, ಇದೇ ಮುಂಬಯಿಯಲ್ಲಿ. ಅವರ ಋಣ ನಮ್ಮ ಮೇಲಿದೆ. ಸಂಘದ ಕಾರ್ಯಕರ್ತರಲ್ಲಿ ನನ್ನದೊಂದು ಚಿಕ್ಕ ವಿನಂತಿ. ಮುಂದಿನ ಸಲ ಆ ಹಾಡನ್ನು ಹಾಡಿಸುವಾಗ ಕವಿಯ ಚರಿತ್ರೆಯನ್ನೆಲ್ಲ ಒದರುವುದು ಬೇಡ. ಕೂಸನ್ನು ಕಳೆದುಕೊಂಡ ತಂದೆಯೊಬ್ಬ ಅದರ ತಾಯಿಗೆ ಹೇಳುವ ಮಾತು ಇದು ಎಂದಷ್ಟೇ ಹೇಳಿರಿ. ಹಾಡು ಮುಗಿದ ಮೇಲೆ ಕ್ಷಣಹೊತ್ತು ಯಾರೂ ಚಪ್ಪಾಳೆ ತಟ್ಟದಿದ್ದರೆ ಗಾಯಕರು ಬೇಸರಿಸಬಾರದು.