ಮಾಂಟೆವಿಡಿಯೊ ಒಪ್ಪಂದದ ಮೊದಲ ವಿಧಿ: ಒಂದು ವ್ಯಾಖ್ಯಾನ

ಪ್ರಭುತ್ವ ಎಂದರೆ ಏನು ಎಂದು ಕೇಳಿದಾಗ ರಾಜಕೀಯ ಭೂಗೋಳದವರು ಇಂದಿಗೂ ಮೊದಲು ತೆರೆಯುವುದು 1933ರ ಡಿಸೆಂಬರ್ 26ರಂದು ಉರುಗ್ವೆಯ ರಾಜಧಾನಿಯಲ್ಲಿ ಸಹಿಯಾದ ಒಪ್ಪಂದವನ್ನು. ಅದರ ಮೊದಲ ವಿಧಿ ನಾಲ್ಕು ಲಕ್ಷಣಗಳನ್ನು ಹೇಳುತ್ತದೆ. ಭಾರತ–ಬಾಂಗ್ಲಾದೇಶ ಗಡಿಯ ಛಿಟ್‌ಮಹಲ್‌ಗಳನ್ನು, ಅಂದರೆ ಒಂದು ದೇಶದೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ದೇಶದ ತುಂಡು ನೆಲಗಳನ್ನು, ಮುಂದಿಟ್ಟುಕೊಂಡು ಅದನ್ನು ಓದಬೇಕು. ವಿಧಿಯ ಬಲವೂ ಕೊರತೆಯೂ ಅಲ್ಲಿ ಕಾಣುತ್ತವೆ.

“ಕಾಯಂ ಜನಸಂಖ್ಯೆ”

ಎಷ್ಟು ಜನ ಇರಬೇಕೆಂಬ ಲೆಕ್ಕವಿಲ್ಲ. ಸಾವಿರ ಜನರೂ ಇಲ್ಲದ ವ್ಯಾಟಿಕನ್ ನಗರವೂ ಪ್ರಭುತ್ವವೇ. ಜನ ನೆಲೆನಿಂತಿದ್ದರೆ ಸಾಕು.

“ನಿರ್ದಿಷ್ಟ ಭೂಪ್ರದೇಶ”

ಇಲ್ಲಿ ನಿಧಾನಿಸಬೇಕು. ಗಡಿಯುದ್ದಕ್ಕೂ ತಕರಾರು ಇರಬಾರದೆಂದು ಇದರ ಅರ್ಥವಲ್ಲ. ಹಾಗಿದ್ದರೆ ಭಾರತವೂ ಚೀನಾವೂ ಪ್ರಭುತ್ವಗಳೆನಿಸುತ್ತಿರಲಿಲ್ಲ. ಆದರೆ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಅಲ್ಲಿ ಬದುಕುವವರಿಗೆ ಸಣ್ಣ ಮಾತಲ್ಲ. ಕೂಚ್ ಬಿಹಾರದ ಅರಸರ ಮತ್ತು ಮೊಘಲರ ಕಾಲದಿಂದ ಒಬ್ಬರ ಸೀಮೆಯೊಳಗೆ ಇನ್ನೊಬ್ಬರ ತುಂಡು ನೆಲಗಳು ಉಳಿದುಬಂದಿದ್ದವು. ಹಿಡುವಳಿಗಳ ಕಾಲದಲ್ಲಿ ಅದರಿಂದ ಯಾರ ಓಡಾಟವೂ ನಿಲ್ಲಲಿಲ್ಲ. 1947ರ ವಿಭಜನೆ, 1949ರಲ್ಲಿ ಕೂಚ್ ಬಿಹಾರ ಭಾರತಕ್ಕೆ ಸೇರಿದ್ದು, ಇವೆರಡೂ ಆದಮೇಲೆ ಅದೇ ಹೊಲಗಳು ಪರದೇಶದ ನಡುವೆ ಸಿಕ್ಕಿಕೊಂಡವು: ಇಂದಿನ ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದೇಶದ 51. ದಹಲಾ ಖಾಗ್ರಾಬಾಡಿ ಎಂಬಲ್ಲಿ ಸುಮಾರು 7,000 ಚದರ ಮೀಟರಿನ ಭಾರತದ ಹೊಲವೊಂದಿತ್ತು. ಅದರ ಸುತ್ತ ಬಾಂಗ್ಲಾದೇಶದ ನೆಲ, ಅದರ ಸುತ್ತ ಭಾರತದ್ದು, ಅದರಾಚೆಗೆ ಮತ್ತೆ ಬಾಂಗ್ಲಾದೇಶ. ನಕ್ಷೆಯ ಮಟ್ಟಿಗೆ ಎಲ್ಲವೂ ನಿರ್ದಿಷ್ಟವೇ ಆಗಿತ್ತು.

“ಸರ್ಕಾರ”

ಒಂದೇ ಪದ, ಆದರೆ ವಿಧಿಯ ಜೀವ ಇಲ್ಲಿದೆ ಎಂದು ನನ್ನ ನಂಬಿಕೆ. 2011ರ ಜಂಟಿ ಗಣತಿಯಲ್ಲಿ ಛಿಟ್‌ಮಹಲ್‌ಗಳಲ್ಲಿದ್ದವರು 51 ಸಾವಿರಕ್ಕೂ ಹೆಚ್ಚು. ಅವರ ದೇಶದ ಪೊಲೀಸರು, ಶಿಕ್ಷಕರು, ವಿದ್ಯುತ್ ಕಂಬ ಯಾವುದೂ ಪರದೇಶದ ನೆಲ ದಾಟಿ ಬರುವಂತಿರಲಿಲ್ಲ. ಸುತ್ತಲಿನ ಸರ್ಕಾರಕ್ಕೆ ಅವರು ತನ್ನವರಲ್ಲ. ಹೊರಗೆ ಕಾಲಿಡಲು ವೀಸಾ ಬೇಕು, ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟ್ ಕಚೇರಿ ಇರುವುದೇ ಗಡಿಯಾಚೆ. ಮಕ್ಕಳನ್ನು ಶಾಲೆಗೆ ಸೇರಿಸಲು ಬೇರೆಯವರನ್ನು ತಂದೆ ತಾಯಿ ಎಂದು ಬರೆಸಿದವರಿದ್ದರು. ಜನರಿದ್ದಾರೆ, ನೆಲವಿದೆ, ಆಳುವವರಿಲ್ಲ ಎಂದರೆ ಇದು.

“ಇತರ ಪ್ರಭುತ್ವಗಳೊಡನೆ ವ್ಯವಹರಿಸುವ ಸಾಮರ್ಥ್ಯ”

ಇತರರು ಮನ್ನಿಸದಿದ್ದರೂ ಪ್ರಭುತ್ವ ಪ್ರಭುತ್ವವೇ ಎಂದು ಇದೇ ಒಪ್ಪಂದದ ಮೂರನೇ ವಿಧಿ ಹೇಳುತ್ತದೆ. ನಡೆಯುವುದು ಹಾಗಲ್ಲ. ಸೊಮಾಲಿಲ್ಯಾಂಡ್ 1991ರಿಂದ ತನ್ನದೇ ಸರ್ಕಾರ, ನಂತರ ತನ್ನದೇ ನಾಣ್ಯ ಇಟ್ಟುಕೊಂಡಿದ್ದರೂ ವಿಶ್ವಸಂಸ್ಥೆಯಲ್ಲಿ ಸ್ಥಾನ ಪಡೆದಿಲ್ಲ. ಸಾಮರ್ಥ್ಯವಿದ್ದ ಮಾತ್ರಕ್ಕೆ ಕೆಲಸ ಬೇಗ ಆಗುವುದೂ ಇಲ್ಲ: ಇಂದಿರಾ ಗಾಂಧಿ ಮತ್ತು ಶೇಖ್ ಮುಜಿಬುರ್ ರೆಹಮಾನ್ ಈ ತುಂಡು ನೆಲಗಳನ್ನು ಅದಲುಬದಲು ಮಾಡಲು 1974ರಲ್ಲಿ ಮಾಡಿಕೊಂಡ ಗಡಿ ಒಪ್ಪಂದಕ್ಕೆ ನಮ್ಮ ಸಂಸತ್ತು 100ನೇ ತಿದ್ದುಪಡಿಯ ಮೂಲಕ ಒಪ್ಪಿಗೆ ಕೊಟ್ಟದ್ದು 2015ರಲ್ಲಿ. ಎರಡು ತಲೆಮಾರು ಕಾಯಬೇಕಾದದ್ದನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು.

ವಿಧಿ ಎಲ್ಲಿಯೂ ಹೇಳದ ಒಂದು ಸಂಗತಿ ರಾಷ್ಟ್ರ. ತಾವು ಒಂದು ಎಂದು ಭಾವಿಸುವ ಜನಸಮುದಾಯಕ್ಕೆ ಪ್ರಭುತ್ವ ಇದ್ದೇ ತೀರಬೇಕೆಂದಿಲ್ಲ. 1920ರ ಸೆವ್ರ್ ಒಪ್ಪಂದ ಕುರ್ದರಿಗೆ ಆಸೆ ತೋರಿಸಿತು, 1923ರ ಲೊಸಾನ್ ಒಪ್ಪಂದ ಅದನ್ನು ಕೈಬಿಟ್ಟಿತು. ಇಂದು ಅವರು ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. ಛಿಟ್‌ಮಹಲ್‌ಗಳ ಕಥೆ ಬೇರೆ. 2015ರ ಜುಲೈ 31ರ ನಡುರಾತ್ರಿ ನೆಲ ಕೈಬದಲಾಯಿತು. ಯಾವ ದೇಶದವರಾಗಬೇಕು ಎಂಬ ಆಯ್ಕೆಯನ್ನು ಜನರಿಗೇ ಬಿಟ್ಟರು. ಬಾಂಗ್ಲಾದೇಶದ ಕಡೆಯಿಂದ ಭಾರತಕ್ಕೆ ಬಂದವರು ಸಾವಿರದೊಳಗೆ. ಭಾರತದ ಕಡೆಯಿಂದ ಅತ್ತ ಹೋಗುತ್ತೇನೆಂದವರು ಯಾರೂ ಇರಲಿಲ್ಲ. ಉಳಿದವರೆಲ್ಲ ಉಳುತ್ತಿದ್ದ ಹೊಲದಲ್ಲೇ ಉಳಿದು ಪೌರತ್ವ ಬದಲಿಸಿಕೊಂಡರು.