ಹಾಸ್ಟೆಲಿನ ಜಪಸರ, ಪಟ್ಟಣದ ಬಲಿಪೂಜೆ

ಕಲಬುರಗಿಯಲ್ಲಿ ಓದುವ ಕಥೋಲಿಕ ಹುಡುಗ ಭಾನುವಾರ ಚರ್ಚಿಗೆ ಬಂದನೋ ಇಲ್ಲವೋ ಎಂದು ಕೇಳಿ ಅವನ ಭಕ್ತಿಯನ್ನು ಅಳೆದುಬಿಡುವ ರೂಢಿಯಿದೆ. ಈ ಅಳತೆಗೋಲೇ ನೆಟ್ಟಗಿಲ್ಲ ಎಂಬುದು ನನ್ನ ತಕರಾರು. ಭಾನುವಾರದ ಬಲಿಪೂಜೆ ಕಥೋಲಿಕರಿಗೆ ಕಟ್ಟಳೆ, ಅದರಲ್ಲಿ ವಾದವಿಲ್ಲ. ಆದರೆ ಉಳಿದ ಆರು ದಿನ ಅವನು ಎಲ್ಲಿರುತ್ತಾನೆ, ಯಾರ ಜೊತೆ ಪ್ರಾರ್ಥಿಸುತ್ತಾನೆ, ಆ ಪ್ರಾರ್ಥನೆಗೂ ಅವನ ಓದಿಗೂ ಏನು ಸಂಬಂಧ ಎಂಬುದನ್ನು ನೋಡದೆ ಹೇಳುವ ತೀರ್ಪು ಹಾಜರಿ ಪುಸ್ತಕದ ತೀರ್ಪಷ್ಟೇ ಆದೀತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1970ರಲ್ಲಿ ಶುರುವಾದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಅದರ ಆವರಣ ಪಟ್ಟಣದಿಂದ ದೂರ, ಆಳಂದ ರಸ್ತೆಯ ಕಡಗಂಚಿಯ ಬಯಲಿನಲ್ಲಿದೆ. ಕಲಬುರಗಿ ಧರ್ಮಪ್ರಾಂತ್ಯ ಇವೆರಡರ ನಡುವೆ, 2005ರಲ್ಲಿ, ರಾಬರ್ಟ್ ಮೈಕಲ್ ಮಿರಾಂದ ಅವರನ್ನು ಮೊದಲ ಧರ್ಮಾಧ್ಯಕ್ಷರನ್ನಾಗಿ ಪಡೆದು ಹುಟ್ಟಿತು. ಎಂದರೆ ಇಲ್ಲಿ ಧರ್ಮಪ್ರಾಂತ್ಯಕ್ಕಿಂತ ವಿಶ್ವವಿದ್ಯಾಲಯವೇ ಹಿರಿಯದು. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ಓದುವವನಿಗೆ ಕಲಾವಿದ ಮೊಸ್ಕೇನಿಯ ಚಿತ್ರಗಳಿಂದ ತುಂಬಿದ ಪ್ರಾರ್ಥನಾಲಯ ತರಗತಿಯ ಪಕ್ಕದಲ್ಲೇ ಸಿಗುತ್ತದೆ. ಸರ್ಕಾರದ ದುಡ್ಡಿನ ಕ್ಯಾಂಪಸ್ಸಿನಲ್ಲಿ ಅಂಥದ್ದನ್ನು ಯಾರೂ ಕೇಳುವಂತಿಲ್ಲ, ಕೇಳಬಾರದು ಕೂಡ.

ಹಾಗಾಗಿ ಇಲ್ಲಿನ ಪ್ರಾರ್ಥನೆಗೆ ಗೋಡೆಯಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಮೂರ್ನಾಲ್ಕು ಮಂದಿ ಸೇರಿ ಹೇಳುವ ಜಪಸರ, ತಪಸ್ಸುಕಾಲದ ಶುಕ್ರವಾರಗಳಲ್ಲಿ ಫೋನಿನಲ್ಲಿ ಓದಿಕೊಳ್ಳುವ ಶಿಲುಬೆಯ ಹಾದಿ, ಪರೀಕ್ಷೆಯ ಹಿಂದಿನ ರಾತ್ರಿಯ ಒಂದೆರಡು ಹಾಡು, ಇಷ್ಟೇ. ಗುರುಗಳು ಬೇಕಿಲ್ಲ, ಪೀಠ ಬೇಕಿಲ್ಲ. ಇಲ್ಲಿ ಕೂರುವವರೆಲ್ಲ ಕಥೋಲಿಕರೂ ಅಲ್ಲ. ಕಮಲಾಪುರ ದಾಟಿ ಹುಮನಾಬಾದು, ಬೀದರದತ್ತ ಹೋದಂತೆಲ್ಲ ಹಳ್ಳಿಯ ಕ್ರೈಸ್ತರೆಂದರೆ ಹೆಚ್ಚಾಗಿ ಮೆಥೊಡಿಸ್ಟರು. ಆ ಕಡೆಯಿಂದ ಬಂದ ಹುಡುಗಿಗೆ ಜಪಸರ ಗೊತ್ತಿಲ್ಲ, ಆದರೆ ಹಾಡು ಗೊತ್ತು, ಪುಸ್ತಕ ನೋಡದೆ ತನ್ನದೇ ಮಾತಿನಲ್ಲಿ ದೇವರೊಡನೆ ಮಾತಾಡುವುದು ಗೊತ್ತು. ಕೇರಳದಿಂದ ಕಡಗಂಚಿಗೆ ಬಂದ ಸಿರೋ ಮಲಬಾರ್ ಕ್ರಮದ ಹುಡುಗನಿಗೆ ಲ್ಯಾಟಿನ್ ಕ್ರಮದ ಕನ್ನಡ ಪೂಜೆಯೇ ಹೊಸದು. ಇವರೆಲ್ಲ ಒಂದೇ ಚಾಪೆಯ ಮೇಲೆ ಕೂರುವುದು ಬಿಷಪ್ಪರ ಸಮ್ಮೇಳನಗಳಲ್ಲಿ ನಿರ್ಣಯ ಮಾಡಿ ಆಗುವ ಕೆಲಸವಲ್ಲ. ಕ್ಯಾಂಪಸ್ಸಿನ ಭಕ್ತಿಯಲ್ಲಿ ನಾನು ಕಾಣುವ ದೊಡ್ಡ ಗುಣ ಇದೇ.

ದೋಷವೂ ಅಲ್ಲೇ ಇದೆ. ಈ ಪ್ರಾರ್ಥನೆ ಬೇಗ ಬಿಸಿಯಾಗುತ್ತದೆ, ಬೇಗ ಆರುತ್ತದೆ. ಅಂಕ, ಕೆಲಸ, ಮನೆಯವರ ಆರೋಗ್ಯ ಇವನ್ನು ಬೇಡಿಕೊಂಡು ಎದ್ದರೆ ಮುಗಿಯಿತು. ಸಮಾಜಶಾಸ್ತ್ರದ ತರಗತಿಯಲ್ಲಿ ಬೆಳಿಗ್ಗೆ ಎದ್ದ ಪ್ರಶ್ನೆ ರಾತ್ರಿಯ ಪ್ರಾರ್ಥನೆಯೊಳಗೆ ಕಾಲಿಡುವುದಿಲ್ಲ. ಭಾನುವಾರದ ಪ್ರಬೋಧನೆಯೂ ಸಂಸಾರಸ್ಥರಿಗೆ ಹೇಳಿದ್ದು. ವಿದ್ಯಾರ್ಥಿಗಳು ಅಲ್ಲಿ ಗಾಯನವೃಂದಕ್ಕೆ ದನಿ, ಹಬ್ಬಕ್ಕೆ ಕೈಯಾಳು. ಚರ್ಚಿನ ಕಾನೂನು ಇಷ್ಟಕ್ಕೆ ಒಪ್ಪುವುದಿಲ್ಲ. 1983ರ ಧರ್ಮಸಭಾ ಸಂಹಿತೆಯ 813ನೇ ವಿಧಿ ವಿದ್ಯಾರ್ಥಿಗಳ ಆತ್ಮಪಾಲನೆಯನ್ನು ನೇರವಾಗಿ ಧರ್ಮಾಧ್ಯಕ್ಷರ ಹೆಗಲಿಗೆ ಹಾಕುತ್ತದೆ. ಅವರಿಗಾಗಿ ಪ್ರತ್ಯೇಕ ಧರ್ಮಕೇಂದ್ರ ಮಾಡಬಹುದು, ಇಲ್ಲವೇ ಕಾಯಂ ಆಗಿ ಗುರುಗಳನ್ನು ನೇಮಿಸಬೇಕು, ಕಥೋಲಿಕವಲ್ಲದ ವಿಶ್ವವಿದ್ಯಾಲಯಗಳಲ್ಲೂ ಆಧ್ಯಾತ್ಮಿಕ ನೆರವಿನ ಕೇಂದ್ರ ಇರಬೇಕು ಎನ್ನುತ್ತದೆ. ಕಾಗದದ ಮೇಲಿನ ನೇಮಕ ಇದಕ್ಕೆ ಸಾಲದು. ಆ ಗುರುವಿಗೆ ಸೆಮಿಸ್ಟರ್ ಎಂದರೇನು, ಪಿಎಚ್‌.ಡಿ. ಗೈಡ್ ಎಂದರೇನು ಎಂಬುದರ ಅರಿವು ಬೇಕು.

ಹಾಗಾದರೆ ಯಾವ ರೂಪದ ಪ್ರಾರ್ಥನೆ? ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಶಾಸನ ಹೊರಡಿಸಿ ಜನರ ನುಡಿಗೆ ಬಾಗಿಲು ತೆರೆದ ಮೇಲೆ, ಕರ್ನಾಟಕದಲ್ಲೇ ಇದಕ್ಕೊಂದು ದೊಡ್ಡ ಪ್ರಯೋಗ ನಡೆಯಿತು. ಫಾದರ್ ಡಿ. ಎಸ್. ಅಮಲೋರ್‌ಪವದಾಸ್ 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧನೆ, ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರವಾದ ಎನ್‌ಬಿಸಿಎಲ್‌ಸಿ ಕಟ್ಟಿದರು. 1969ರಲ್ಲಿ ರೋಮ್ ಭಾರತದ ಪೂಜೆಗೆ ಹನ್ನೆರಡು ಅಂಶಗಳ ಮಾರ್ಪಾಡಿಗೆ ಒಪ್ಪಿಗೆ ಕೊಟ್ಟಿತು: ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿಯುವುದು, ಪಂಚಾಂಗ ಪ್ರಣಾಮ, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ, ಆರತಿ, ಸಾಂಪ್ರದಾಯಿಕ ಪೂಜಾವಸ್ತ್ರಗಳ ಬದಲು ಸರಳ ನಿಲುವಂಗಿ, ಶಾಲು. ಅಮಲೋರ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮುಖ್ಯಸ್ಥರಾದರು, ಮೈಸೂರಿನಲ್ಲೇ ಅಂಜಲಿ ಆಶ್ರಮ ಕಟ್ಟಿದರು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಾಠ, ಆಶ್ರಮದಲ್ಲಿ ಧ್ಯಾನ ಎಂಬ ಆ ಜೋಡಣೆಗೆ ನನ್ನ ಗೌರವವಿದೆ. ಓದಿಗೂ ಪ್ರಾರ್ಥನೆಗೂ ನಡುವೆ ಅವರು ಗೋಡೆ ಎಬ್ಬಿಸಲಿಲ್ಲ.

ಆದರೆ ಆ ಹನ್ನೆರಡು ಅಂಶಗಳನ್ನು ಹಾಗೇ ತಂದು ಕಲಬುರಗಿಯಲ್ಲಿ ಇಟ್ಟರೆ ಹೊಂದುವುದಿಲ್ಲ. ಅವುಗಳ ಬೇರು ಗರ್ಭಗುಡಿಯ ಪೂಜೆಯಲ್ಲಿದೆ. ಆ ಗುಡಿಯ ಹೊಸ್ತಿಲಾಚೆ ನಿಲ್ಲಿಸಿಕೊಂಡವರ ಮೊಮ್ಮಕ್ಕಳೇ ಈ ಕಡೆಯ ಚರ್ಚುಗಳಲ್ಲಿ ಬಹಳ. ದಲಿತ ದೇವಶಾಸ್ತ್ರಜ್ಞರು ಎತ್ತಿದ ಆಕ್ಷೇಪ ಇದೇ, ಅದು ಸರಿಯಾದ ಆಕ್ಷೇಪ. ಈ ಸೀಮೆಗೆ ತನ್ನದೇ ಇನ್ನೊಂದು ದಾರಿಯಿದೆ: ರಾತ್ರಿಯಿಡೀ ಏಕತಾರಿ, ದಮ್ಮಡಿ ಹಿಡಿದು ಹಾಡುವ ತತ್ವಪದ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ಈ ಜಿಲ್ಲೆಯವರೇ. ಅವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಬರಂಥ ಮುಸ್ಲಿಮರೂ ಇದ್ದರು. ಪೂಜಾರಿಯಿಲ್ಲದ, ಗುಡಿಯಿಲ್ಲದ, ಜಾತಿ ಕೇಳದ, ದೇವರನ್ನೂ ಬೈಯಬಲ್ಲ ಹಾಡಿಕೆ ಅದು.

ಬೈಬಲ್ಲಿನ ಕೀರ್ತನೆಗಳ ಸ್ವಭಾವವೂ ಅದೇ. ಜಪಸರದ ನೂರೈವತ್ತು ನಮೋ ಮರಿಯಾ ಬಂದದ್ದು ಓದು ಬಾರದವರು ನೂರೈವತ್ತು ಕೀರ್ತನೆಗಳ ಬದಲಿಗೆ ಹೇಳಿಕೊಳ್ಳಲೆಂದು. ಎಂ.ಎ. ಓದುವವರು ಆ ಬದಲಿಯಲ್ಲೇ ನಿಂತುಬಿಟ್ಟರೆ ಹೇಗೆ? ಕೀರ್ತನೆಗಳಲ್ಲಿ ದೂರು ಇದೆ, ಸಿಟ್ಟಿದೆ, ದೇವರು ಮುಖ ಮರೆಸಿಕೊಂಡನೆಂಬ ಆರೋಪವಿದೆ. ಫೆಲೋಶಿಪ್ ಬಾರದೆ ಕೂತ ಸಂಶೋಧಕನಿಗೆ ಬೇಕಾದದ್ದೆಲ್ಲ ಇದೆ. 1963ರ ಆ ಶಾಸನದ 100ನೇ ಪರಿಚ್ಛೇದ ಕೀರ್ತನೆಗಳ ನಿತ್ಯಪ್ರಾರ್ಥನೆಯನ್ನು ಗುರುಗಳಿಲ್ಲದೆಯೂ ತಾವು ತಾವೇ ಹೇಳಿಕೊಳ್ಳುವಂತೆ ಶ್ರೀಸಾಮಾನ್ಯರಿಗೆ ಶಿಫಾರಸು ಮಾಡುತ್ತದೆ. ತತ್ವಪದದ ಧಾಟಿಯಲ್ಲಿ ಒಂದು ಸಂಜೆಯ ಕೀರ್ತನೆ ಹಾಸ್ಟೆಲಿನಲ್ಲಿ ಎದ್ದರೆ ಕಮಲಾಪುರದಾಚೆಯ ಆ ಮೆಥೊಡಿಸ್ಟ್ ಹುಡುಗಿ ಜಪಸರಕ್ಕಿಂತ ಬೇಗ ದನಿಗೂಡಿಸುತ್ತಾಳೆ. ಕೀಬೋರ್ಡಿನ ಕರೋಕೆ ಟ್ರ್ಯಾಕಿಗೆ ಹಾಡುವ ಈಗಿನ ಚಾಳಿಗಿಂತ ಅದು ಎಷ್ಟೋ ಮೇಲು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಬಹಿರಂಗವಾಗಿ ಪ್ರಾರ್ಥಿಸಲು ಕೆಲವರಿಗೆ ಬೆಲೆ ತೆರಬೇಕಾಗುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು, ಕ್ರೈಸ್ತರನ್ನು ಇನ್ನೂ ಹೊರಗಿಟ್ಟಿದೆ. 2024ರ ನವೆಂಬರಿನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುವವಳು ನೌಕರಿಗಾಗಿ ಹಿಂದೂ ಎಂದು ಹೇಳಿಕೊಂಡರೆ ಒಪ್ಪಲಾಗದು ಎಂದಿತು. ಗುಲಬರ್ಗಾ ವಿಶ್ವವಿದ್ಯಾಲಯದ ಹತ್ತಿರವೇ, 2009ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಬುದ್ಧವಿಹಾರವಿದೆ. ದಲಿತ ವಿದ್ಯಾರ್ಥಿ ಅಲ್ಲಿಗೆ ಹೋಗಿ ವಂದನೆ ಸಲ್ಲಿಸಿದರೆ ಅವನ ಜಾತಿ ಪ್ರಮಾಣಪತ್ರಕ್ಕೆ ಏನೂ ಆಗುವುದಿಲ್ಲ, ಆಗಬಾರದು. ಅವನ ಗೆಳೆಯ ಪರಮಪ್ರಸಾದದ ಸಾಲಿನಲ್ಲಿ ನಿಂತರೆ ಮಾತ್ರ ಅದು ಸಾಕ್ಷ್ಯವಾಗಬಹುದು. ಭಾನುವಾರ ಬಾರದ ಹುಡುಗನನ್ನು ಪೀಠದಿಂದ ಜರೆಯುವ ಮುನ್ನ ಗುರುಗಳು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಉಳಿದದ್ದು ವೇಳೆಯ ಪ್ರಶ್ನೆ, ಅದು ಅಷ್ಟೇನೂ ಕಷ್ಟದ್ದಲ್ಲ. ಪವಿತ್ರ ವಾರ ಬರುವುದು ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ, ಬಿಸಿಲು ಕಾಯ್ದು ಹೆಂಚಾದ ಹೊತ್ತಿನಲ್ಲಿ. ಶುಭ ಶುಕ್ರವಾರಕ್ಕೆ ರಜೆಯಿದೆ. ಗುರುವಾರ ಸಂಜೆಯ ಪೂಜೆಗೂ ಶನಿವಾರ ರಾತ್ರಿಯ ಪಾಸ್ಖ ಜಾಗರಣೆಗೂ ಹೋದವರು ಮರಳುವಷ್ಟರಲ್ಲಿ ಹಾಸ್ಟೆಲಿನ ಗೇಟು ಹಾಕಿರುತ್ತದೆ. ಒಂದು ಪತ್ರ ಬರೆದು ವಾರ್ಡನ್ನರ ಅನುಮತಿ ಕೇಳಬಹುದು. ವರ್ಷದ ಉಳಿದ ದಿನಗಳಿಗಂತೂ ಧರ್ಮಸಭಾ ಸಂಹಿತೆಯ 1248ನೇ ವಿಧಿ ಶನಿವಾರ ಸಂಜೆಯ ಪೂಜೆಯನ್ನೇ ಭಾನುವಾರದ್ದೆಂದು ಒಪ್ಪುತ್ತದೆ. ಆಳಂದ ರಸ್ತೆಯಲ್ಲಿ ಯಾರದ್ದಾದರೂ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಂದು ಶನಿವಾರ, ಕೊನೆಯ ಬಸ್ಸು ಹೊರಡುವ ಮುಂಚೆ ಮುಗಿಯುವಂತೆ ಬಲಿಪೂಜೆ ಇಡಲು ರೋಮಿನ ಹೊಸ ಅಪ್ಪಣೆಯೇನೂ ಬೇಕಿಲ್ಲ.