ಬಾಲ ಕತ್ತರಿಸಬೇಡಿ

  ಊರಕಾಗೆಯ ವೈಜ್ಞಾನಿಕ ಹೆಸರಿನಲ್ಲಿರುವ ‘ಸ್ಪ್ಲೆಂಡೆನ್ಸ್’ ಮೂರೂ ಲಿಂಗಕ್ಕೆ ಒಂದೇ ರೂಪದಲ್ಲಿ ನಿಲ್ಲುವ ಪದ. ನನ್ನ ಪ್ರೀತಿಯೆಲ್ಲ ರೂಪ ಬದಲಿಸುವ ವಿಶೇಷಣಗಳ ಮೇಲೆ.

ಶ್ರೀಗಂಧ ‘ಸ್ಯಾಂಟಲಮ್ ಆಲ್ಬಮ್’, ಹಿಪ್ಪುನೇರಳೆ ‘ಮೋರಸ್ ಆಲ್ಬಾ’. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಎರಡಕ್ಕೂ ಕೊಟ್ಟದ್ದು ಒಂದೇ ಬಿಳುಪು. ಸ್ಯಾಂಟಲಮ್ ನಪುಂಸಕ, ಆದ್ದರಿಂದ ಆಲ್ಬಮ್. ಮೋರಸ್ ನೋಡಲು ಪುಲ್ಲಿಂಗದಂತಿದ್ದರೂ ಲ್ಯಾಟಿನ್‌ನಲ್ಲಿ ಮರಗಳ ಹಳೆಯ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಅರಳಿ ‘ಫೈಕಸ್ ರಿಲಿಜಿಯೋಸಾ’ ಆದದ್ದೂ ಹಾಗೆಯೇ. ಹಲಸು ಮಾತ್ರ ‘ಆರ್ಟೋಕಾರ್ಪಸ್ ಹೆಟರೋಫಿಲ್ಲಸ್’. ಮರವೇ ಆದರೂ, ಹೆಸರಿನ ಕೊನೆಗೆ ಕೂತ ‘ಕಾರ್ಪಸ್’, ಅಂದರೆ ‘ಹಣ್ಣು’, ಗ್ರೀಕ್‌ನಲ್ಲಿ ಪುಲ್ಲಿಂಗ. ಸಂಸ್ಕೃತದ ಶ್ವೇತಃ, ಶ್ವೇತಾ, ಶ್ವೇತಮ್ ಬಲ್ಲವರಿಗೆ ಇದು ಹೊಸದೇನಲ್ಲ.

ಆ ‘ಆಲ್ಬಮ್’ ಎಲ್ಲಿದೆ ಎಂದು ಕಾಣಬೇಕಾದರೆ ಗಂಧದ ಕೊರಡನ್ನು ಅಡ್ಡಕ್ಕೆ ಕೊಯ್ದು ನೋಡಬೇಕು. ಹೊರಗಿನ ಬಿಳಿ ಭಾಗಕ್ಕೆ ವಾಸನೆಯೇ ಇಲ್ಲ. ಎಣ್ಣೆ, ಪರಿಮಳ ಎಲ್ಲವೂ ಒಳಗಿನ ಹಳದಿಗಂದು ಚೇಗಿನಲ್ಲಿ. ಮರವನ್ನು ಪೂಜ್ಯವಾಗಿಸಿದ ಭಾಗವನ್ನು ಬಿಟ್ಟು ಹೆಸರು ಉಳಿದದ್ದನ್ನು ಹಿಡಿದಿದೆ. ಆದರೂ ರಕ್ತಚಂದನದ ಪಕ್ಕದಲ್ಲಿಟ್ಟಾಗ ಬಿಳಿ ಎಂಬ ಮಾತು ಸಲ್ಲುತ್ತದೆ.

ಲಿಂಗಕ್ಕೆ ತಕ್ಕಂತೆ ಬದಲಾಗುವ ಈ ಅಂತ್ಯಗಳೇ ಬೇಡ ಎನ್ನುವ ಪಂಥವೊಂದಿದೆ. ಪ್ರಾಣಿನಾಮಗಳ ಸಂಹಿತೆ ಲಿಂಗ ಹೊಂದಿಸಲೇಬೇಕು ಎಂದರೂ, ಚಿಟ್ಟೆ-ಪತಂಗಗಳ ತಜ್ಞರಲ್ಲಿ ಅನೇಕರು ಮೊದಲು ಅಚ್ಚಾದ ರೂಪವನ್ನೇ ಇಟ್ಟುಕೊಳ್ಳುತ್ತಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ರಂಗನತಿಟ್ಟಿನ ಬಣ್ಣದ ಕೊಕ್ಕರೆಯನ್ನು 1769ರಲ್ಲಿ ನಿಸರ್ಗ ವಿಜ್ಞಾನಿ ಪೆನಂಟ್ ‘ಟ್ಯಾಂಟಲಸ್ ಲ್ಯೂಕೊಸೆಫಾಲಸ್’ ಎಂದ. ಇಂದು ಅದು ‘ಮಿಕ್ಟೀರಿಯಾ ಲ್ಯೂಕೊಸೆಫಾಲಾ’. ಕುಲ ಬದಲಾದಾಗಲೆಲ್ಲ ಬಾಲ ಬದಲಾದರೆ ಹಳೆಯ ದಾಖಲೆ ಹುಡುಕುವವರಿಗೆ ಕಷ್ಟ, ನಿಜ. ಆದರೆ ಎರಡು ರೂಪಗಳನ್ನು ಒಂದೇ ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ದೊಡ್ಡ ಕೆಲಸವಲ್ಲ. ಅದಕ್ಕಾಗಿ ವ್ಯಾಕರಣವನ್ನೇ ಬಲಿಕೊಡುವುದು ನನಗೆ ಒಪ್ಪಿಗೆಯಿಲ್ಲ.

ಬಾಲ ಕತ್ತರಿಸಿದರೆ ಏನು ಹೋಗುತ್ತದೆ ಎಂಬುದಕ್ಕೆ ಚಿರತೆಯನ್ನೇ ನೋಡಿ. 1758ರಲ್ಲಿ ‘ಫೆಲಿಸ್ ಪಾರ್ಡಸ್’, ಈಗ ‘ಪ್ಯಾಂಥೆರಾ ಪಾರ್ಡಸ್’. ಪ್ಯಾಂಥೆರಾ ಸ್ತ್ರೀಲಿಂಗವಾದರೂ ಅದು ‘ಪಾರ್ಡಾ’ ಆಗಲಿಲ್ಲ. ಯಾಕೆಂದರೆ ಪಾರ್ಡಸ್ ಗುಣ ಹೇಳುವ ಪದವಲ್ಲ, ಲ್ಯಾಟಿನ್‌ನಲ್ಲಿ ಚಿರತೆಗೇ ಇದ್ದ ಹೆಸರು. ಕೊಕ್ಕರೆಯ ಹೆಸರು ಕುಲಕ್ಕೆ ತಕ್ಕಂತೆ ಬಾಗಿತು, ಚಿರತೆಯದು ಬಾಗಲಿಲ್ಲ. ಯಾವುದು ವಿಶೇಷಣ, ಯಾವುದು ನಾಮಪದ ಎಂದು ಓದುಗನಿಗೆ ತಿಳಿಯುವುದು ಇಲ್ಲಿಯೇ. ಎಲ್ಲವನ್ನೂ ಹಾಗೆಯೇ ಬಿಟ್ಟರೆ ಎರಡೂ ಒಂದೇ ಥರ ಕಾಣುತ್ತವೆ.